ನಿಲುವಂಗಿ ತೊಟ್ಟ ಮೌಲ್ಯಮಾಪಕರು

"ಮೂರು ಡಿಗ್ರಿ ಬಾಗಿದ್ದೀರಿ, ರುದ್ರಾಂಬ ಅವರೇ," ಎಂದಿತು ಅಂಗಿ. ಹೇಳಿ ಸುಮ್ಮನಾಗಲಿಲ್ಲ. ಬೆನ್ನುದ್ದಕ್ಕೂ ಹೊಲಿದಿದ್ದ ತಂತುಗಳನ್ನು ಬಿಗಿದು, ಅವರನ್ನು ಮೆಲ್ಲಗೆ ನೆಟ್ಟಗೆ ಕೂರಿಸಿತು.

ರುದ್ರಾಂಬ ಗಣಿತದ ಶಿಕ್ಷಕಿ. ದಾವಣಗೆರೆಯ ಶಾಲೆಯೊಂದರಲ್ಲಿ ಹತ್ತನೆಯ ತರಗತಿಯ ಉತ್ತರ ಪತ್ರಿಕೆಗಳ ಮೌಲ್ಯಮಾಪನ ನಡೆದಿತ್ತು. ಏಪ್ರಿಲ್ ಬಿಸಿಲು. ತಲೆಯ ಮೇಲಿನ ಫ್ಯಾನು ಗಾಳಿಗಿಂತ ಹೆಚ್ಚಾಗಿ ಗೊಣಗಾಟವನ್ನೇ ಬೀಸುತ್ತಿತ್ತು. ಲೋಕದ ಸಕಲ ಕೆಲಸವೂ ಯಂತ್ರಗಳ ಪಾಲಾಗಿದ್ದ ಆ ಕಾಲದಲ್ಲೂ ಮಕ್ಕಳ ಕೈಬರಹವನ್ನು ಓದುವ ಶಿಕ್ಷೆ ಮಾತ್ರ ಶಿಕ್ಷಕರಿಗೇ ಉಳಿದಿತ್ತು.

ನಿಘಂಟಿನ ಪ್ರಕಾರ ನಿಲುವಂಗಿ ಎಂದರೆ ಪಾದದವರೆಗೆ ಇಳಿಬೀಳುವ ಉಡುಪು. ವಿಜ್ಞಾನಿ ಡಾ. ವಾಗೀಶ ಹೆಬ್ಬಾರರು ಈ ಮೌಲ್ಯಮಾಪನ ಶಿಬಿರದಲ್ಲಿ ಪ್ರಯೋಗಕ್ಕೆಂದು ಶಿಕ್ಷಕರಿಗೆ ತೊಡಿಸಿದ್ದ ನಿಲುವಂಗಿ ಸೊಂಟದಿಂದ ಕೆಳಗೆ ಇಳಿಯುತ್ತಿರಲಿಲ್ಲ. ನಿಲುವನ್ನು ತಿದ್ದುವ ಅಂಗಿ ಎಂಬುದಷ್ಟೇ ಅವರ ಅರ್ಥ. ಒಳಪದರದಲ್ಲಿ ಕೂದಲಿಗಿಂತ ತೆಳುವಾದ ಕೃತಕ ಸ್ನಾಯುತಂತುಗಳು. ಕೊರಳಪಟ್ಟಿಯಲ್ಲಿ, ದೇಹ ಎಷ್ಟು ಬಾಗಿದೆಯೆಂದು ಅಳೆಯುವ ಕಾಳುಗಾತ್ರದ ಓರೆಮಾಪಕ. ತತ್ತ್ವ ಸರಳವಾಗಿತ್ತು. ಬೆನ್ನು ನೆಟ್ಟಗಾದರೆ ಎದೆಗೂಡು ತೆರೆಯುತ್ತದೆ, ಉಸಿರು ಆಳವಾಗುತ್ತದೆ, 'ನಾನಿನ್ನೂ ಸೋತಿಲ್ಲ' ಎಂಬ ಸುದ್ದಿ ದೇಹದಿಂದ ಮಿದುಳಿಗೆ ಹೋಗುತ್ತದೆ. ಚುನಾವಣೆಯ ಭಾಷಣವನ್ನು ನಂಬುವ ಹಾಗೆ ಮಿದುಳು ಅದನ್ನು ಪಾಪ, ನಂಬಿಬಿಡುತ್ತದೆ. ಆತ್ಮವಿಶ್ವಾಸ ಹೆಚ್ಚುತ್ತದೆ, ಯೋಚನೆ ಚುರುಕಾಗುತ್ತದೆ.

ರುದ್ರಾಂಬರ ಮಟ್ಟಿಗೆ ಇದೆಲ್ಲ ನಿಜವಾಗಿತ್ತು. ಇಪ್ಪತ್ತಮೂರು ವರ್ಷ ಹಾಳೆಗಳ ಮೇಲೆ ಬಾಗಿ ಬಾಗಿ ಕತ್ತಿನ ಕೆಳಗೆ ಗಂಟುಕಟ್ಟಿದ್ದ ನೋವು ಶಿಬಿರದ ಎರಡನೆಯ ದಿನವೇ ಕರಗಿತ್ತು. ಅಂದು ಮನೆಯಲ್ಲಿ ನೀರಿನ ಕೊಡವನ್ನು ಸೊಸೆಯನ್ನು ಕರೆಯದೆ ತಾವೇ ಎತ್ತಿ, ಇಳಿಸಿ, ಸುಮ್ಮನೆ ಇನ್ನೊಮ್ಮೆ ಎತ್ತಿ ನೋಡಿದ್ದರು. ದಿನಕ್ಕೆ ಇಪ್ಪತ್ತೈದು ಪತ್ರಿಕೆ ನೋಡುತ್ತಿದ್ದವರು ಈಗ ನಲವತ್ತು ನೋಡುತ್ತಿದ್ದರು.

ಪಕ್ಕದ ಮೇಜಿನ ಜಬೀವುಲ್ಲಾ ಮೇಷ್ಟ್ರು ಅಂಗಿಯ ಮೂಗುದನಿಯನ್ನು ಯಥಾವತ್ತಾಗಿ ಅನುಕರಿಸಿದರು: "ಮೂರು ಡಿಗ್ರಿ ಬಾಗಿದ್ದೀರಿ, ಜಬೀವುಲ್ಲಾ ಅವರೇ. ಹೆಂಡತಿಯ ಮುಂದೆ ಮೂವತ್ತು ಬಾಗುತ್ತೀರಿ, ಆದರೆ ಅದು ನನ್ನ ವ್ಯಾಪ್ತಿಗೆ ಬರುವುದಿಲ್ಲ."

"ಸುಮ್ನಿರ್ರಿ ಸರ್, ಟೋಟಲ್ ತಪ್ತೈತಿ," ಎಂದರು ರುದ್ರಾಂಬ. ನಗುವಷ್ಟು ಕಸುವು ಇರಲಿಲ್ಲ. ಬೆನ್ನು ದಣಿದಿರಲಿಲ್ಲ, ಬೇರೇನೋ ದಣಿದಿತ್ತು.

ನಾಲ್ಕನೆಯ ದಿನದ ಮಧ್ಯಾಹ್ನ ಹೆಬ್ಬಾರರೇ ಅಂಕಿಅಂಶ ಸಂಗ್ರಹಕ್ಕೆ ಬಂದರು, ತಮ್ಮದೇ ನಿಲುವಂಗಿ ತೊಟ್ಟು, ಧ್ವಜಕಂಬದಂತೆ.

"ಮೊದಲೆಲ್ಲ ಮೌಲ್ಯಮಾಪಕರು ದಿನಕ್ಕೆ ಮೂವತ್ತು ಸಲ ಎದ್ದು ಹೋಗಿ ಕೇಂದ್ರದ ಉಪಮುಖ್ಯಸ್ಥರ ಬಳಿ ಅನುಮಾನ ಕೇಳುತ್ತಿದ್ದರಂತೆ. ನಾಲ್ಕು ದಿನಗಳಲ್ಲಿ ಒಬ್ಬರೂ ಹೋಗಿಲ್ಲ ಮೇಡಂ!"

"ಹೌದಲ್ಲ. ಯಾಕಂತೀರಿ ಸರ್?"

"ಆತ್ಮವಿಶ್ವಾಸ. ನಿಮಗೀಗ ಅನುಮಾನವೇ ಬರುವುದಿಲ್ಲ."

"ಹೂಂ. ಬರವಲ್ದು," ಎಂದರು ರುದ್ರಾಂಬ, ಏನನ್ನೋ ಎಲ್ಲೋ ಇಟ್ಟು ಮರೆತವರ ದನಿಯಲ್ಲಿ.

ರುದ್ರಾಂಬರ ಅಂಗಿಯ ವಿದ್ಯುತ್ಕೋಶ ಬರಿದಾಗಿತ್ತು. ಬಿಚ್ಚಿ ಚಾರ್ಜಿಗೆ ಹಾಕಿದ್ದೇ ತಡ, ಹಳೆಯ ಅಭ್ಯಾಸದ ದೇಹ ಒದ್ದೆ ಟವೆಲಿನಂತೆ ಮೇಜಿನ ಮೇಲೆ ಕುಸಿಯಿತು. ಆಗಷ್ಟೇ ನೋಡಿ ಮುಗಿಸಿದ ಪತ್ರಿಕೆ ಕೆನ್ನೆಯಡಿಯಲ್ಲಿತ್ತು. ಎಂಬತ್ತಕ್ಕೆ ಇಪ್ಪತ್ತೇಳು. ಪಾಸಾಗಲು ಇಪ್ಪತ್ತೆಂಟು ಬೇಕು.

ತೆರೆದಿದ್ದ ಪುಟದಲ್ಲಿ ವರ್ಗ ಸಮೀಕರಣದ ಲೆಕ್ಕವೊಂದು ಎರಡು ಸಾಲಿಗೇ ನಿಂತಿತ್ತು. ನಾಲ್ಕು ಅಂಕದ ಲೆಕ್ಕಕ್ಕೆ ಒಂದು ಅಂಕ ಕೊಟ್ಟು, ಕೆಳಗಿನ ಖಾಲಿ ಜಾಗಕ್ಕೆ ಕೆಂಪು ಗೆರೆ ಎಳೆದಿದ್ದರು. ಕಿಟಕಿಯ ಬೆಳಕು ಆ ಖಾಲಿ ಜಾಗದ ಮೇಲೆ ಓರೆಯಾಗಿ ಬೀಳುತ್ತಿತ್ತು. ಅದು ಖಾಲಿಯಾಗಿರಲಿಲ್ಲ. ಹಾಳೆಯ ತುಂಬ ಬಣ್ಣವಿಲ್ಲದ ಗೀರುಗಳಿದ್ದವು.

ರುದ್ರಾಂಬ ಬೆರಳಾಡಿಸಿದರು. ಮಗುವಿನ ಪೆನ್ನಿನ ಶಾಯಿ ಮುಗಿದಿದೆ. ಇನ್ನೊಂದು ಪೆನ್ನು ಕೇಳಲು ಹೆದರಿಕೆಯೋ ಏನೋ, ಒಣ ಪೆನ್ನಿನಲ್ಲೇ ಒತ್ತಿ ಒತ್ತಿ ಲೆಕ್ಕ ಮುಂದುವರಿಸಿದೆ. ಒಂದೊಂದೇ ಹಂತ ಓದಿದರು. ಎಲ್ಲ ಸರಿಯಾಗಿತ್ತು, ಕೊನೆಯಲ್ಲಿ ಒಂದು ಚಿಹ್ನೆ ಮಾತ್ರ ತಪ್ಪು. ಇನ್ನೆರಡು ಅಂಕ ಸಲ್ಲಬೇಕು. ಇಪ್ಪತ್ತೊಂಬತ್ತು.

"ಸರ್, ಇಲ್ಲಿ ಬರ್ರಿ."

ಹೆಬ್ಬಾರರು ಹಾಳೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿದರು. "ಖಾಲಿ ಇದೆಯಲ್ಲ ಮೇಡಂ?"

"ಎತ್ತಿದ್ರೆ ಕಾಣಲ್ಲ. ಮೇಜಿನ ಮೇಲಿಟ್ಟು ಬಗ್ರಿ."

ವಿಜ್ಞಾನಿ ಬಗ್ಗಿದರು. "ಹನ್ನೆರಡು ಡಿಗ್ರಿ," ಎಂದು ಅಂಗಿ ಮೇಲೆಳೆಯಿತು. ಮತ್ತೆ ಬಗ್ಗಿದರು, ಮತ್ತೆ ಎಳೆಯಿತು.

"ಮೇಡಂಗೆ ಎಷ್ಟ್ ಸಲಾಮ್ ಹೊಡೀತೀರಿ ಸರ್? ಬಿಚ್ರಿ ಅದನ್ನ," ಎಂದರು ಜಬೀವುಲ್ಲಾ.

ಹೆಬ್ಬಾರರು ಬಿಚ್ಚಿದರು. ಮೇಜಿಗೆ ಕೆನ್ನೆ ತಾಗಿಸಿ, ಗೀರುಗಳನ್ನು ಒಂದೊಂದಾಗಿ ಓದಿದರು.

"ಇದು ತೀರಾ ಅಪರೂಪದ ಪ್ರಸಂಗ ಮೇಡಂ."

"ಅಪರೂಪ ಅಂತ ನಿಮಗೆ ಹೆಂಗ್ ಗೊತ್ತಾತು? ನಾಲ್ಕು ದಿನದಿಂದ ನಾನು ಬಗ್ಗೇ ಇಲ್ಲ. ಮೊದ್ಲು ಅಕ್ಷರ ತಿಳೀಲಿಲ್ಲ ಅಂದ್ರೆ ಮೂಗು ಹಾಳೆಗೆ ತಾಗೋ ತನಕ ಬಗ್ತಿದ್ದೆ. ಆಗ್ಲೂ ತಿಳೀದಿದ್ರೆ ಉಪಮುಖ್ಯಸ್ಥರನ್ನ ಕೇಳ್ತಿದ್ದೆ. ಈಗ ದೂರದಿಂದ ಖಾಲಿ ಕಂಡ್ರೆ ಮುಗೀತು, ಖಾಲಿ. ನೂರೈವತ್ತು ಮಕ್ಕಳನ್ನ ಹಂಗೇ ನೋಡೀನಿ ಸರ್."

ಹೆಬ್ಬಾರರು ಕನ್ನಡಕ ಒರೆಸಿಕೊಂಡರು. "ಬಾಗಲು ಅನುಮತಿ ಕೊಡುವ ಗುಂಡಿಯೊಂದನ್ನು ಸೇರಿಸಬಹುದು."

"ಗುಂಡಿ ಒತ್ತೋಕಾದ್ರೂ ಅನುಮಾನ ಬರಬೇಕಲ್ರಿ."

ರುದ್ರಾಂಬ ಎದ್ದು ಉಪಮುಖ್ಯಸ್ಥರ ಬಳಿ ಹೋಗಿ, ತಾವು ನೋಡಿದ ಪತ್ರಿಕೆಗಳನ್ನೆಲ್ಲ ಇನ್ನೊಮ್ಮೆ ನೋಡಬೇಕೆಂದರು.

ಉಪಮುಖ್ಯಸ್ಥರು ದಣಿದ ಮುಖದಲ್ಲಿ ಹೇಳಿದರು: "ನಾಳೆ ಸಂಜೆ ಬಂಡಲ್ ಸೀಲ್ ಮಾಡ್ತೀವಿ ಮೇಡಂ. ಅಷ್ಟರೊಳಗೆ ನೋಡೋದಾದ್ರೆ ನೋಡ್ರಿ. ಆದ್ರೆ ನಿಮ್ಮವೆಲ್ಲ ನೀವೇ ನೋಡ್ಬೇಕು. ನನ್ನತ್ರ ಜನ ಇಲ್ಲ."

ಅಂಗಿಯ ಕೊರಳಲ್ಲಿ ಹಸಿರು ದೀಪ ಹೊತ್ತಿತ್ತು, ಚಾರ್ಜು ತುಂಬಿತ್ತು. ರುದ್ರಾಂಬ ಅದನ್ನು ಕೈಯಲ್ಲಿ ಹಿಡಿದು ನಿಂತರು. ಇದಿಲ್ಲದೆ ನೂರೈವತ್ತು ಪತ್ರಿಕೆ ಎಂದರೆ ಏನೆಂದು ಅವರ ಕತ್ತಿಗೆ ಚೆನ್ನಾಗಿ ಗೊತ್ತಿತ್ತು. ಅಂಗಿಯನ್ನು ಕುರ್ಚಿಯ ಬೆನ್ನಿಗೆ ತೊಡಿಸಿ, ಮೊದಲ ಬಂಡಲಿನ ದಾರ ಬಿಚ್ಚಿದರು.

ಸಂಜೆಯ ಹೊತ್ತಿಗೆ ನೋವು ಹೇಳದೆ ಕೇಳದೆ ಬಂದು ತನ್ನ ಜಾಗದಲ್ಲಿ ಕೂತಿತು. ಜಬೀವುಲ್ಲಾ ತಮ್ಮ ಅಂಗಿಯನ್ನೂ ಬಿಚ್ಚಿ, "ಹೋಗ್ಲಿ ಬಿಡ್ರಿ, ಒಬ್ರೇ ನರಳಿದ್ರೆ ಚೆನ್ನಾಗಿರಲ್ಲ," ಎಂದು ತಮ್ಮ ಬಂಡಲುಗಳನ್ನು ಎಳೆದುಕೊಂಡರು. ಮರುದಿನ ಹೆಬ್ಬಾರರೂ ಬಂದರು, ಬರೀ ಜುಬ್ಬಾ ತೊಟ್ಟು, ಕೈಯಲ್ಲಿ ಟಾರ್ಚು ಹಿಡಿದು. ರುದ್ರಾಂಬ ತೋರಿಸಿದ ಪುಟಕ್ಕೆಲ್ಲ ಓರೆಯಾಗಿ ಬೆಳಕು ಬಿಡುವುದು ಅವರ ಕೆಲಸ. ಮಧ್ಯಾಹ್ನದೊಳಗೆ ಇನ್ನೂ ಆರು ಮಕ್ಕಳ ಅಂಕ ಬದಲಾಯಿತು: ಅಳಿಸಿದ್ದರ ಅಡಿಯಲ್ಲಿ ಸರಿಯುತ್ತರ, ಏಳು ಎಂದುಕೊಂಡಿದ್ದ ಅಂಕಿ ನಿಜದಲ್ಲಿ ಒಂದು, ಅಂಚಿನಲ್ಲಿ ಇರುವೆಸಾಲಿನಂಥ ಲೆಕ್ಕ. ಹೆಬ್ಬಾರರ ವರದಿಯಲ್ಲಿ ಮಾತ್ರ ಈ ಕೇಂದ್ರದ ಆತ್ಮವಿಶ್ವಾಸ ಅರ್ಧಕ್ಕಿಳಿದಿತ್ತು.

ಕೊನೆಯ ಬಂಡಲಿನಲ್ಲಿ ಪೂರ್ತಿ ಬಿಳಿಯ ಪುಟವೊಂದು ಸಿಕ್ಕಿತು. ಹೆಬ್ಬಾರರು ಬಗ್ಗಿ, ಟಾರ್ಚು ಆಡಿಸಿ ನೋಡಿದರು.

"ಏನೂ ಇಲ್ಲ ಮೇಡಂ. ಇದು ನಿಜಕ್ಕೂ ಖಾಲಿ."

"ಖಂಡಿತಾನಾ ಸರ್?"

ವಿಜ್ಞಾನಿ ಟಾರ್ಚನ್ನು ಎಡಗೈಗೆ ಬದಲಾಯಿಸಿ, ಬಲಗೈಯಲ್ಲಿ ಸೊಂಟ ಹಿಡಿದುಕೊಂಡು, ಇನ್ನೊಂದು ಬದಿಯಿಂದ ಮತ್ತೆ ಬಗ್ಗಿದರು.