ಹಗ್ಗದಾಚೆ ನಿಂತವನು

"ಏಳು! ನಾಟಕ ಸಾಕು!"

ಪರದೇಶದ ರಸ್ತೆಯಲ್ಲಿ, ಓಟದ ಸ್ಪರ್ಧೆಯ ನಡುವೆ ಬೋರಲು ಬಿದ್ದಿದ್ದ ಆಶ್ರಮದ ಟೀಚರಮ್ಮ ಬೆಚ್ಚಿದಳು. ತನ್ನ ಭಾಷೆ! ಅದೂ ಅವನ ದನಿ!

ಜನರನ್ನು ತಡೆಯಲು ಕಟ್ಟಿದ್ದ ಹಗ್ಗದಾಚೆ ಅವನು ನಿಂತಿದ್ದ. ಅವಳಿಗೆ ಕೃತಕ ಕಾಲು ಮಾಡಿಕೊಟ್ಟವನು... ಆರು ತಿಂಗಳ ಹಿಂದೆ ಅವಳು ನಿಶ್ಚಿತಾರ್ಥದ ಉಂಗುರ ಬಿಸಾಕಿ ಬಂದದ್ದು ಇವನ ಮುಖದ ಮೇಲೆಯೇ.

'ನನ್ನ ಸೋಲು ನೋಡೋಕೆ ಇಲ್ಲಿವರೆಗೂ ಬಂದನಾ?'

ಅಂದು ಮಕ್ಕಳ ಆಶ್ರಮದ ಅಂಗಳದಲ್ಲಿ ಓಟದ ಅಭ್ಯಾಸ ಮಾಡುವಾಗಲೂ ಹೀಗೇ ಬಿದ್ದಿದ್ದಳು. ಮಕ್ಕಳೆಲ್ಲ ಅತ್ತರೂ ಇವನು ಕೈಕಟ್ಟಿ ನಿಂತಿದ್ದ.

"ಬಿಡಿ, ಅವಳೇ ಏಳ್ತಾಳೆ."

ಎಂಥ ಕಲ್ಲೆದೆಯಪ್ಪಾ! ಆ ಸಿಟ್ಟಿಗೇ ಉಂಗುರ ಬಿಸಾಕಿದವಳು ಮತ್ತೆ ಅವನ ಬಳಿ ಕಾಲಿನ ಅಳತೆ ಕೊಡಲೂ ಹೋಗಲಿಲ್ಲ. ಓಡಿ ಓಡಿ ಸೊರಗಿದ್ದವಳಿಗೆ ಹಳೆಯ ಕೃತಕ ಕಾಲು ಸಡಿಲವಾಗಿತ್ತು. ಈಗ ಅದು ಉಜ್ಜಿ ಉಜ್ಜಿ ಚರ್ಮ ಕಿತ್ತು ರಕ್ತ ಸುರಿಯುತ್ತಿತ್ತು.

ಈ ಓಟ ಮುಗಿಸಿದರೆ ಮಾತ್ರ ಆಶ್ರಮದ ಕಾಲಿಲ್ಲದ ಹನ್ನೆರಡು ಮಕ್ಕಳಿಗೂ ದಾನಿಗಳು ಕೃತಕ ಕಾಲು ಮಾಡಿಸಿಕೊಡುತ್ತಾರೆ. ಇಲ್ಲವಾದರೆ ಆ ಕಂದಮ್ಮಗಳು ತೆವಳುತ್ತಲೇ ಇರಬೇಕು.

ಯಾರೋ ಹೆಂಗಸು ಮರುಗಿ ಹಗ್ಗದಡಿ ನುಸುಳಿ ಕೈ ಚಾಚಿದಳು. ಅವನು ಆಕೆಯ ತೋಳು ಹಿಡಿದು ಹಿಂದಕ್ಕೆಳೆದ.

ಆಗ ಟೀಚರಮ್ಮನ ಕಣ್ಣಿಗೆ ಬಾವುಟ ಹಿಡಿದು ನಿಂತ ಅಧಿಕಾರಿ ಬಿದ್ದ. ಹೊರಗಿನವರು ಮುಟ್ಟಿದರೆ ಓಟ ರದ್ದು! ನೋವಿನಲ್ಲಿ ಆ ನಿಯಮವೇ ಮರೆತುಹೋಗಿತ್ತು.

"ಸೊಂಟದ ಚೀಲದಲ್ಲಿ ಮೊಂಡುಗಾಲಿಗೆ ಹಾಕೋ ಇನ್ನೊಂದು ಕಾಲ್ಚೀಲ ಇದೆಯಲ್ಲ? ಹಾಕ್ಕೋ, ಕಾಲು ಬಿಗಿಯಾಗುತ್ತೆ. ಅಳೋದು ಆಮೇಲೆ!"

ಹಸಿ ಗಾಯದ ಮೇಲೆ ಕಾಲ್ಚೀಲ ಎಳೆಯುವಾಗ ಅವಳು ಚೀರಿಬಿಟ್ಟಳು. ಅವನು ಮುಖ ತಿರುಗಿಸಲಿಲ್ಲ. ಹಗ್ಗವನ್ನು ಮಾತ್ರ ಅಂಗೈ ಕೊಯ್ಯುವಷ್ಟು ಬಿಗಿಯಾಗಿ ಹಿಡಿದಿದ್ದ.

ಅದನ್ನು ಅವಳು ನೋಡಿದಳು. ನೋಡಿಯೇ ಎದ್ದಳು.

ಕೊನೆಗೂ ಗೆರೆ ದಾಟಿ ಕುಸಿದಾಗ ವೈದ್ಯೆ ಗಾಯ ನೋಡಿ ತಲೆಯಾಡಿಸಿದಳು. ಮಕ್ಕಳಿಗೆ ಕಾಲು ಸಿಗುವುದು ಖಚಿತವಾಗಿತ್ತು... ಟೀಚರಮ್ಮ ಮಾತ್ರ ಇನ್ನೆಂದೂ ಓಡುವಂತಿರಲಿಲ್ಲ.

ಅವನು ಪಕ್ಕದಲ್ಲಿ ಮಂಡಿಯೂರಿದ.

"ಯಾಕೆ ಎತ್ತಲಿಲ್ಲ ಅಂತ ಅವತ್ತೇ ಒಂದು ಮಾತು ಹೇಳಬಾರದಿತ್ತಾ? ಆರು ತಿಂಗಳು ಅಳಿಸಿದಿರಲ್ಲ!"

"ಸಿಟ್ಟು ಬಂದಾಗಲೇ ನೀನು ಏಳ್ತಿದ್ದೆ... ಹೇಳಿಬಿಟ್ಟರೆ ಆ ಸಿಟ್ಟು ಇಳಿದುಹೋಗುತ್ತೆ ಅಂತ ಹೇಳಲಿಲ್ಲ."

"ಕಟುಕ!"

"ಹೌದು... ನಿನ್ನ ಬಿಟ್ಟು ನಾನೂ ಬದುಕಿದ್ದೂ ಸತ್ತಂತಿದ್ದೆ ಕಣೇ. ಈಗ... ಮುಟ್ಟಬಹುದಾ?"

ಅವಳು ಬೇಕೆಂದೇ ಅವನನ್ನು ಕಾಯಿಸಿದಳು. ಅವನ ಕಣ್ಣು ತುಂಬಿ ಹರಿದ ಮೇಲೆ ತಾನೇ ಕೈ ಚಾಚಿದಳು. ಅವನು ಅಂಗಿಯ ಜೇಬಿನಿಂದ ಆ ಉಂಗುರ ತೆಗೆದು ತೊಡಿಸಿದ. ಅದು ಬೆರಳಲ್ಲಿ ನಿಲ್ಲದೆ ಜಾರಿತು.

"ಸಡಿಲ ಆಗಿದೆ..." ಎಂದ.

"ಅಳತೆ ತಗೊಳ್ಳಿ. ಈ ಸಲ ಓಡಿಹೋಗಲ್ಲ."