ಒಂದು ಅಂಗಡಿಗೆ ಎರಡು ಬಾಗಿಲು

ಹತ್ತನೆಯ ಆಳನ್ನು ಕೆಲಸಕ್ಕೆ ಸೇರಿಸಿಕೊಂಡ ದಿನದಿಂದ ಚೀಲದಂಗಡಿಯ ಯಜಮಾನ ಕಾನೂನಿನ ಮೇಲೆ ಹಲ್ಲು ಮಸೆಯುತ್ತಿದ್ದ. ಒಂಬತ್ತು ಮಂದಿ ಇದ್ದಷ್ಟು ದಿನ ಅವನು ಬಡ ವ್ಯಾಪಾರಿ. ಹತ್ತಾದ ಕೂಡಲೇ ಸರ್ಕಾರದ ಕಣ್ಣಿಗೆ ದೊಡ್ಡ ಕುಳ. ವಿಮೆ ಕಟ್ಟು, ಕಾಯಿಲೆಗೆ ರಜೆ ಕೊಡು, ಬಸುರಿಯರಿಗೆ ಮನೆಯಲ್ಲಿ ಕೂತರೂ ಸಂಬಳ ಕೊಡು. ಸಾವಿರ ಮಂದಿಯ ಗಿರಣಿಗೆ ಹೊಲಿದ ಅಂಗಿಯನ್ನು ತನಗೆ ತೊಡಿಸಿದರೆ ಎಡವಿ ಬೀಳದೆ ಏನು ಮಾಡಲಿ ಎಂಬುದು ಅವನ ಗೋಳು. ಗೋಳಿನಲ್ಲಿ ನ್ಯಾಯವೇ ಇರಲಿಲ್ಲ ಅಂತಲ್ಲ. ಆದರೆ ಅದನ್ನು ಅವನು ಹೇಳಿಕೊಳ್ಳುತ್ತಿದ್ದುದು ಹೊಸ ಕಾರಿಗೆ ಒರಗಿ ನಿಂತು.

ಹೊಲಿಗೆಯ ನೂಲನ್ನೂ ಅಳೆದು ಕೊಡುವ ಅವನಿಗೆ ಆಳುಗಳು ಅಂಗುಲರಾಯ ಎಂದು ಹೆಸರಿಟ್ಟಿದ್ದರು. ಒಂದು ದಿನ, ಚೀಲಕ್ಕೆ ಪಟ್ಟಿ ಹೊಲಿಯುವ ಹುಡುಗಿ ತುಂಬಿದ ಹೊಟ್ಟೆ ಹೊತ್ತು ಬಂದು ನಿಂತಳು.

“ಯಜಮಾನ್ರೇ, ಹೆರಿಗೆ ರಜೆಗೆ ಸಂಬಳ ಕೊಡ್ಬೇಕು ಅಂತ ಕಾನೂನಿದೆಯಂತೆ.”

“ಹಾಗಾದ್ರೆ ಕಾನೂನೇ ಬಂದು ಪಟ್ಟಿ ಹೊಲಿದು ಹೋಗ್ಲಿ.”

“ಗಂಡ ಕೈ ಮುರ್ಕೊಂಡು ಮಲಗಿದಾರೆ. ನಾನೂ ಕೂತ್ರೆ ಮನೇಲಿ ಒಲೆನೂ ಕೂರುತ್ತೆ.”

ಒಲೆಯ ಮಾತು ಅವನ ಕಿವಿಗೆ ಬೀಳಲಿಲ್ಲ. ಇವಳು ದೂರು ಕೊಟ್ಟೇ ಕೊಡುತ್ತಾಳೆ ಎಂಬುದು ಮಾತ್ರ ತಲೆಗೆ ಹೊಕ್ಕಿತು. ಕಾನೂನು ಚಾಪೆಯ ಕೆಳಗೆ ತೂರಿದರೆ ತಾನು ರಂಗೋಲಿಯ ಕೆಳಗೆ ತೂರಬೇಕು ಎಂದು ಅವತ್ತೇ ನಿರ್ಧರಿಸಿದ.

ಅಂಗಡಿಯ ನಡುವೆ ಹಲಗೆಯ ಗೋಡೆ ಎದ್ದಿತು. ಪಕ್ಕದ ಓಣಿಗೆ ಇನ್ನೊಂದು ಬಾಗಿಲು ತೆರೆಯಿತು. ಅದರ ಮೇಲೆ ಭಾಮೈದನ ಹೆಸರಿನ ಬೋರ್ಡು. ವಿದ್ಯುತ್ ಮೀಟರು ಬೇರೆ, ನೀರಿನ ಕೊಡ ಬೇರೆ, ಕೊನೆಗೆ ಕಸಪೊರಕೆಯೂ ಬೇರೆ. ಆಳುಗಳಲ್ಲಿ ಅರ್ಧ ಮಂದಿ ಈಚೆ, ಅರ್ಧ ಮಂದಿ ಆಚೆ; ಯಾವ ಕಡೆ ಎಣಿಸಿದರೂ ಹತ್ತಾಗದು. ಬಸುರಿಯನ್ನು ಭಾಮೈದನ ಪಾಲಿಗೆ ತಳ್ಳಿದ. ಯಾರು ಕೇಳಿದರೂ ಏನು ಹೇಳಬೇಕೆಂದು ಎಲ್ಲರಿಗೂ ಮಗ್ಗಿಯಂತೆ ಬಾಯಿಪಾಠ ಮಾಡಿಸಿದ. ತಪ್ಪಿದವರಿಗೆ ಕೆಲಸವಿಲ್ಲ.

“ಭಾವ, ಚೀಲಕ್ಕೆ ರೇಟೆಷ್ಟು ಅಂತ ಕೇಳಿದ್ರೆ?” ಎಂದ ಭಾಮೈದ.

“ನೀನು ಬಾಯೇ ಬಿಡ್ಬೇಡ. ಮಾಲೀಕನ ಹಾಗೆ ಫೋನ್ ನೋಡ್ತಾ ಕೂತಿರು.”

“ಅದು ನನಗೆ ಚೆನ್ನಾಗಿ ಬರುತ್ತೆ.”

ಹೆಂಡತಿ ಬಂದು ಗೋಡೆಯನ್ನು ಮೇಲಿನಿಂದ ಕೆಳಗೆ ನೋಡಿದಳು. “ಇದಕ್ಕೆ ಸುರಿದ ದುಡ್ಡಲ್ಲಿ ಆ ಹುಡುಗಿಗೆ ಎರಡು ಹೆರಿಗೆ ಮಾಡಿಸಬಹುದಿತ್ತು. ಮೂಗಿಗಿಂತ ಮೂಗುತಿ ಭಾರ ಆಯ್ತಲ್ರೀ.”

“ನಿನಗೆ ತಿಳಿಯಲ್ಲ ಸುಮ್ಮನಿರೇ. ಇದು ದುಡ್ಡಿನ ಮಾತಲ್ಲ, ತತ್ವದ ಮಾತು.”

ತತ್ವ ಎಂಬುದು ಅವನ ಬಾಯಿಗೆ ಬಂದದ್ದು ಅದೇ ಮೊದಲು.

ಎಣಿಸಿದಂತೆ ದೂರು ಹೋಯಿತು, ಕಾರ್ಮಿಕ ಇಲಾಖೆಯ ಅಧಿಕಾರಿಣಿ ಬಂದಳು. ಎರಡೂ ಬಾಗಿಲು ಹೊಕ್ಕು ನೋಡಿದಳು. ಆಳುಗಳು ಪಾಠ ಒಪ್ಪಿಸಿದರು. ಭಾಮೈದ ಫೋನಿನಿಂದ ತಲೆ ಎತ್ತಲಿಲ್ಲ. ಬಸುರಿ ಹುಡುಗಿಯೂ ಕೆಲಸ ಹೋದೀತೆಂದು ಹೆದರಿ, ತಲೆ ತಗ್ಗಿಸಿ, ತಾನು ಭಾಮೈದನ ಆಳೆಂದೇ ಹೇಳಿದಳು. ಆಮೇಲೆ ಅಧಿಕಾರಿಣಿ ಈಚೆ ಬಂದು ಯಜಮಾನನ ಎದುರು ಕೂತಳು.

“ಆಚೆ ಇರೋರು ನಿಮ್ಮ ಆಳುಗಳಲ್ವಾ?”

“ಅಯ್ಯೋ, ಅವರ ಮುಖಾನೂ ನಾನು ಸರಿಯಾಗಿ ನೋಡಿಲ್ಲ ಮೇಡಂ. ಭಾಮೈದನಿಗೂ ನನಗೂ ಮಾತೇ ಇಲ್ಲ. ಅಂಗಡಿ ಅವನದು, ಆಳು ಅವನದು.”

ಅವಳು ಪೆನ್ನಿಗೆ ಮುಚ್ಚಳ ಹಾಕಿ ಎದ್ದಳು. ಅವಳ ಮುಖದ ಬೇಸರ ಕಂಡು ಅವನ ಹೊಟ್ಟೆ ತಣ್ಣಗಾಯಿತು. ಕಾನೂನು ಮಾಡುವವರಿಗೆ ಬುದ್ಧಿ ಇದ್ದಿದ್ದರೆ ಅವರೂ ಚೀಲ ಹೊಲಿಸಿ ಕಾರು ಕೊಳ್ಳುತ್ತಿರಲಿಲ್ಲವೇ ಎಂದುಕೊಂಡ.

ಅಧಿಕಾರಿಣಿ ಹೊಸ್ತಿಲಿಗೆ ಕಾಲಿಟ್ಟಿದ್ದಳು. ಪರೀಕ್ಷೆ ಮುಗಿಯಿತೆಂಬ ನಿರಾಳದಲ್ಲಿ ಗೋಡೆಯಾಚೆ ಯಾರೋ ಏನೋ ಅಂದರು, ಹೆಂಗಸರೆಲ್ಲ ಗೊಳ್ಳೆಂದು ನಕ್ಕರು, ಮಿಷನ್ನುಗಳು ನಿಂತವು. ತಾನು ಕೂಲಿ ಕೊಟ್ಟು ಕೊಂಡ ಹೊತ್ತಿನಲ್ಲಿ ಆಳುಗಳು ನಕ್ಕರೆ ಅಂಗುಲರಾಯನಿಗೆ ಮೈಯೆಲ್ಲ ಮುಳ್ಳು. ವರ್ಷಗಟ್ಟಲೆ ಮಾಡಿಕೊಂಡು ಬಂದಂತೆ ಅವನ ಕೈ ತಾನಾಗಿ ಕತ್ತರಿ ಎತ್ತಿ, ಅದರ ಹಿಡಿಯಿಂದ ಮೇಜನ್ನು ಟಕ್ ಟಕ್ ಎಂದು ಕುಟ್ಟಿತು. ಆಚೆ ನಗೆ ಕತ್ತರಿಸಿದ ಹಾಗೆ ನಿಂತಿತು. ಮಿಷನ್ನುಗಳೆಲ್ಲ ಒಟ್ಟಿಗೆ ಗರ್ರೆಂದವು. ಅದರ ನಡುವೆ ಪಟ್ಟಿ ಹೊಲಿಯುವ ಹುಡುಗಿಯ ವಿಧೇಯ ದನಿ ಹಲಗೆ ದಾಟಿ ಬಂತು: “ಆಯ್ತು ಯಜಮಾನ್ರೇ, ಇನ್ನು ಮಾತಾಡಲ್ಲ!” ಅಧಿಕಾರಿಣಿ ಹೊಸ್ತಿಲಿಂದ ಕಾಲು ಹಿಂದೆಗೆದು, ಬಂದು, ಕುರ್ಚಿ ಎಳೆದುಕೊಂಡು ಕೂತಳು.