ಘಂಟಿಕೇರಿಯ ಕಡೆ ಹೊರಳಿದ ಬೈಕು

ನೀಲವ್ವ ಬಡಿಗೇರ ಸೀಟಿನ ಮೇಲೆ ಕುಳಿತೊಡನೆ ಬೈಕು ಮೈಮುರಿಯಿತು. ಹ್ಯಾಂಡಲು ಎರಡು ಬೆರಳಿನಷ್ಟು ಮೇಲೆದ್ದು ಅವಳ ಅಂಗೈಗೆ ತಾನಾಗಿ ಒದಗಿತು. ಕಾಲಿಡುವ ಕಂಬಿಗಳು ಹಿಂದಕ್ಕೆ ಸರಿದವು. ಬೆನ್ನ ಹಿಂದಿನ ಸಾಮಾನಿನ ಪೆಟ್ಟಿಗೆ ಮೆಲ್ಲನೆ ಮುಂದಕ್ಕೆ ಜರುಗಿ, ಭಾರ ಹಿಂಗಾಲಿಯ ಆಚೆ ಜೋತು ಬೀಳದಂತೆ ನಿಂತುಕೊಂಡಿತು.

"ಏನ ಅನಸ್ತದ ನೀಲವ್ವಾರ?" ಎಂದು ಆ ಬೈಕನ್ನು ರೂಪಿಸಿದ ಸಂಶೋಧಕಿ ಡಾ. ಶಾಹೀನ್ ಕಿತ್ತೂರ ಕೇಳಿದರು.

"ದರ್ಜಿ ಅಳತಿ ತಗೊಂಡಂಗ ಆತ್ರೀ ಮೇಡಮ್ಮಾರ. ನನ್ನ ಬಲಗಾಲಿನ ಮೊಣಕಾಲು ನೋಯತೈತಿ ಅಂತ ಇದಕ್ಕ ಯಾರು ಹೇಳಿದ್ರು?"

"ನೀವೇ ಹೇಳಿದ್ರಿ. ಕುಂತ ಕೂಡಲೇ."

ಇಪ್ಪತ್ತೊಂದನೆಯ ಶತಮಾನದ ನಡುಮಧ್ಯದ ಹುಬ್ಬಳ್ಳಿ ಅದು. ಹಾರುವ ಪೆಟ್ಟಿಗೆಗಳು ಸಾಮಾನು ತಂದು ಹಾಕುವ ಕಾಲ ಬಂದು ಹೋಗಿಯೂ ಆಗಿತ್ತು. ಹಳೆಯ ಓಣಿಗಳ ತಂತಿಗಳಿಗೆ ಸಿಕ್ಕಿ, ಹದ್ದುಗಳ ಕಾಲಿಗೆ ಸಿಕ್ಕಿ, ಆ ಪೆಟ್ಟಿಗೆಗಳು ಎಷ್ಟು ಸಲ ಕೆಳಗೆ ಬಿದ್ದವೆಂದರೆ ಕೊನೆಗೆ ಊರಿನ ಮೇಲೆ ಅವುಗಳ ಹಾರಾಟವನ್ನೇ ನಿಷೇಧಿಸಲಾಯಿತು. ಮತ್ತೆ ಬೈಕಿನವರಿಗೇ ಬೇಡಿಕೆ ಬಂತು. ಗೋಕುಲ ರಸ್ತೆಯ 'ಮಿಂಚು ಸಾಗಣೆ'ಯಲ್ಲಿ ನಲವತ್ತು ಮಂದಿ ಸವಾರರಿದ್ದರು. ಯಾರಿಗೆ ಯಾವ ಬೈಕು ಎಂದು ಆರಿಸಿ, ಅದನ್ನು ಅವರ ಮೈಗೆ ಒಗ್ಗಿಸಿ ಕೊಡುವುದು ನೀಲವ್ವನ ಕೆಲಸ. ಹತ್ತು ವರ್ಷ ತಾನೇ ಸವಾರಿ ಮಾಡಿ, ಮೊಣಕಾಲು ಸೋತ ಮೇಲೆ ಮೂರು ವರ್ಷದ ಹಿಂದೆ ವರ್ಕ್‌ಶಾಪಿನ ಮುಖ್ಯಸ್ಥೆಯಾಗಿದ್ದಳು. ಹೊಸ ಸವಾರ ಬಾಗಿಲಿನಿಂದ ನಡೆದು ಬರುವುದನ್ನು ಕಂಡರೆ ಸಾಕು, ಇವನಿಗೆ ಸೀಟಿನ ಸ್ಪಂಜು ಕೊಯ್ದು ತಗ್ಗಿಸಬೇಕು, ಇವಳಿಗೆ ಹ್ಯಾಂಡಲು ಅಗಲ ಬೇಕು, ಹಳೇ ಹುಬ್ಬಳ್ಳಿಯ ಓಣಿಗಳಿಗೆ ಹೋಗುವವನಿಗೆ ಮೋಟು ಗಾಡಿಯೇ ಸರಿ ಎಂದು ಹೇಳಿಬಿಡುತ್ತಿದ್ದಳು.

ಆದರೂ ಸಂಜೆಯ ಹೊತ್ತಿಗೆ ನಲವತ್ತು ಸೊಂಟಗಳೂ ನೋಯುತ್ತಿದ್ದವು. ಬೆಳಿಗ್ಗೆ ಹೊಂದಿದ ಬೈಕು ಮಧ್ಯಾಹ್ನ ಹೊಂದುವುದಿಲ್ಲ. ಮನುಷ್ಯನ ಮೈ ಗಂಟೆಗೊಂದು ತರಹ. ಡಾ. ಶಾಹೀನ್ ಹಿಡಿದದ್ದು ಈ ಎಳೆಯನ್ನೇ. ಅವರು ಸೀಟಿನಲ್ಲಿ, ಹಿಡಿಕೆಯಲ್ಲಿ ಕೂದಲಿಗಿಂತ ಸಣ್ಣ 'ಅರಿವೆಳೆ'ಗಳನ್ನು ಹೆಣೆದಿದ್ದರು. ಅವು ಸವಾರನ ನಾಡಿ, ಬೆವರು, ಸ್ನಾಯುಗಳ ಬಿಗಿತವನ್ನು ಓದುತ್ತಿದ್ದವು. ಓದಿದ್ದನ್ನೆಲ್ಲ ಕೂಡಿಸಿ ದಣಿವು ಎಷ್ಟೆಂದು ಲೆಕ್ಕ ಹಾಕುವ ಪುಟ್ಟ ಯಂತ್ರಕ್ಕೆ 'ಆಯಾಸಮಾಪಕ' ಎಂದು ಹೆಸರು. ಅದರ ಮಾತಿನಂತೆ ಬೈಕಿನ ಚೌಕಟ್ಟು ದಾರಿಯುದ್ದಕ್ಕೂ ತನ್ನ ಆಕಾರವನ್ನು ಬದಲಿಸಿಕೊಳ್ಳುತ್ತಿತ್ತು. ಯಾವ ದಾರಿ ಹಗುರವೆಂದು ಅದಕ್ಕೆ ತೋರುತ್ತದೆಯೋ ಆ ಕಡೆಗೆ ಹ್ಯಾಂಡಲನ್ನು ಕೊಂಚವೇ ಎಳೆದು ತಿಳಿಸುತ್ತಿತ್ತು. ಇದು 'ದಾರಿಸನ್ನೆ'.

"ಅಂದ್ರ ನಾ ಹೇಳಿದ ಕಡೆ ಹೋಗೂದಿಲ್ಲೇನು ಇದು?" ಎಂದು ನೀಲವ್ವ ಕೇಳಿದಳು.

"ಹೋಗ್ತದ. ಪ್ರತಿಯೊಂದು ಪೊಟ್ಟಣಕ್ಕೂ ನಿಮ್ಮ ಕಂಪನಿ ಹನ್ನೆರಡು ನಿಮಿಷ ಹೆಚ್ಚಿಗಿ ವೇಳೆ ಇಟ್ಟದಲ್ಲ? ಅದರೊಳಗ ಸವಾರರ ದಣಿವು ಎಷ್ಟು ಕಡಿಮಿ ಮಾಡಬಹುದೋ ಅಷ್ಟು ಮಾಡು ಅಂತ ನಾನು ಇದಕ್ಕ ಹೇಳೀನಿ. ಹೆಂಗ ಅಂತ ಹೇಳಿಲ್ಲ. ಅದನ್ನ ತಾನೇ ಕಲೀತದ."

ಒಂದು ತಿಂಗಳ ಪರೀಕ್ಷೆ. ಐದು ಬೈಕುಗಳು, ಐವರು ಸವಾರರು. ಒಪ್ಪಿಗೆಯಾದರೆ ಮಾಲೀಕರಾದ ಗುರುಸಿದ್ದಪ್ಪನವರು ನಲವತ್ತನ್ನೂ ಕೊಳ್ಳುವುದಾಗಿ ಮಾತು. ದಣಿವಿನ ರುಚಿ ಬಲ್ಲ ಮೈ ಬೇಕೆಂದು ಡಾಕ್ಟರು ನೀಲವ್ವನನ್ನೂ ಸವಾರಿಗೆ ಹಚ್ಚಿದರು. ಮೂರು ವರ್ಷದ ಮೇಲೆ ಮತ್ತೆ ರಸ್ತೆಗಿಳಿದ ಮೊದಲ ದಿನ, ಮುಖಕ್ಕೆ ಗಾಳಿ ಬಡಿದಾಗ, ನಲವತ್ತಾರರ ನೀಲವ್ವ ಹೆಲ್ಮೆಟ್ಟಿನೊಳಗೆ ಒಬ್ಬಳೇ ನಕ್ಕಳು.

ಒಂಬತ್ತನೆಯ ದಿನ ವಿಚಿತ್ರವೊಂದು ಶುರುವಾಯಿತು. ಕನ್ನಡಕ, ಔಷಧಿ, ಹೊಲಿದ ಬಟ್ಟೆಗಳನ್ನು ಹೇರಿಕೊಂಡು ದುರ್ಗದಬೈಲಿನ ಕಡೆಗೆ ಹೊರಟಿದ್ದಳು. ನೇರ ಹೋಗಬೇಕಾದ ಕೂಡುರಸ್ತೆಯಲ್ಲಿ ಹ್ಯಾಂಡಲು ಎಡಕ್ಕೆ ಎಳೆಯಿತು. ಎಡಕ್ಕೆ ಘಂಟಿಕೇರಿಯ ಓಣಿ. ಅವಳು ಬಲವಂತವಾಗಿ ನೇರ ಹೋದಳು. ಮರುದಿನವೂ ಎಳೆಯಿತು. ಅದರ ಮರುದಿನ, ಪರೀಕ್ಷೆ ಅಂದ ಮೇಲೆ ಗಾಡಿ ಹೇಳಿದ್ದನ್ನೂ ಕೇಳಿ ನೋಡಬೇಕಲ್ಲ ಎಂದು ತನಗೆ ತಾನೇ ಹೇಳಿಕೊಂಡು, ಹೊರಳಿದಳು. ಆಮೇಲೆ ದಿನವೂ ಹೊರಳಿದಳು.

ಡಾ. ಶಾಹೀನ್ ಅಂಕಿಗಳನ್ನು ನೋಡಿ ತಲೆ ಕೆರೆದುಕೊಂಡರು. ಆ ದಾರಿ ನೇರ ದಾರಿಗಿಂತ ಏಳು ನಿಮಿಷ ಹೆಚ್ಚು. ಎಲ್ಲಿ ನೋಡಿದರೂ ತಗ್ಗು, ಎರಡು ಕಡೆ ಗಟಾರ ಒಡೆದಿದೆ. ಆದರೂ ಅಷ್ಟು ಕೆಟ್ಟ ರಸ್ತೆಯಲ್ಲಿ ನೀಲವ್ವನ ದಣಿವು ಅರ್ಧಕ್ಕರ್ಧ ಇಳಿಯುತ್ತಿತ್ತು! ಸ್ಪ್ರಿಂಗು ಬದಲಿಸಿದರು, ಟಯರು ಬದಲಿಸಿದರು. ಐವರಲ್ಲೊಬ್ಬನಾದ ಹಿರಿಯ ಸವಾರ ಹುಸೇನಸಾಬನನ್ನು ಅದೇ ಬೈಕಿನ ಮೇಲೆ ಕಳಿಸಿದರು. ಅವನನ್ನು ಅದು ಎಳೆದದ್ದು ನೇರಕ್ಕೇ. ನೀಲವ್ವನನ್ನು ಬೇರೆ ಬೈಕಿನ ಮೇಲೆ ಕೂರಿಸಿದರು. ಅದು ಮೂರು ದಿನ ಸುಮ್ಮನಿದ್ದು ನಾಲ್ಕನೆಯ ದಿನ ಎಡಕ್ಕೆ ಎಳೆಯಿತು. ಡಾಕ್ಟರು ತಾವೇ ನೋಟ್‌ಬುಕ್ಕು ಹಿಡಿದು ಓಣಿಯನ್ನು ಮೂರು ಸಲ ನಡೆದರು. ಬೇವಿನ ನೆರಳು, ಮಿರ್ಚಿ ಕರಿಯುವ ವಾಸನೆ, ಗಾಳಿಯ ತಂಪು, ಎಲ್ಲವನ್ನೂ ಬರೆದುಕೊಂಡರು.

"ಅಲ್ಲೇನದ ನೀಲವ್ವಾರ?"

"ಏನಿಲ್ರೀ," ಎಂದು ನೀಲವ್ವ ನಟ್ಟು ಬಿಗಿಯುವ ಪಾನೆ ಹುಡುಕುವವಳಂತೆ ಆಚೆ ತಿರುಗಿದಳು.

ಇತ್ತು. ಓಣಿಯ ನಡುವೆ ಹಾರ್ಮೋನಿಯಂ ರಿಪೇರಿ ಮಾಡುವ ಪರಶುರಾಮ ಜಾಧವರ ಅಂಗಡಿ. ಸವಾರಿಯ ದಿನಗಳಲ್ಲಿ ಅವರಿಗೆ ಹಾರ್ಮೋನಿಯಂ ರೀಡುಗಳ ಡಬ್ಬಿ ತಂದು ಕೊಡುತ್ತಿದ್ದವಳು ನೀಲವ್ವನೇ. ಗಂಡ ತೀರಿಹೋಗಿ ಆಗಲೇ ಒಂದು ವರ್ಷವಾಗಿತ್ತು. ಆ ದಿನಗಳಲ್ಲಿ ಅವಳನ್ನು ಕಂಡವರೆಲ್ಲ ಅಯ್ಯೋ ಎನ್ನುತ್ತಿದ್ದರು. ಇವರೊಬ್ಬರು ಮಾತ್ರ ತಲೆಯೆತ್ತಿ, "ಆರಾಮ ಇದ್ದೀರೇನ್ರೀ?" ಎಂದು ಕೇಳಿ, ಉತ್ತರಕ್ಕಾಗಿ ನಿಜವಾಗಿಯೂ ಕಾಯುತ್ತಿದ್ದರು. ವರ್ಕ್‌ಶಾಪು ಸೇರಿದ ಮೇಲೆ ಆ ಓಣಿಗೆ ಹೋಗಲು ಅವಳಿಗೊಂದು ನೆಪ ಉಳಿದಿರಲಿಲ್ಲ. ಈಗ ದಿನವೂ ಹೋಗುವಾಗ ಅವರು ತಲೆಯೆತ್ತುತ್ತಿದ್ದರು. ಅವಳು ಬೈಕು ನಿಲ್ಲಿಸದೆ, "ಆರಾಮ್ರೀ ಮಾಸ್ತರ" ಎಂದು ಕೂಗಿ ಮುಂದೆ ಹೋಗುತ್ತಿದ್ದಳು. ಅಷ್ಟೇ.

ಪರೀಕ್ಷೆಯ ಕೊನೆಯ ಶನಿವಾರ ಗುರುಸಿದ್ದಪ್ಪನವರು ಎಲ್ಲರನ್ನೂ ಕರೆದರು. ಅಂಗಳದ ತುಂಬ ಸವಾರರು ನೆರೆದಿದ್ದರು.

"ಗಾಡಿ ಚಲೋ ಅದಾವು, ಇಲ್ಲನ್ನೂದಿಲ್ಲ. ಆದ್ರ ಒಂದು ಗಾಡಿ ಕಾರಣ ಇಲ್ಲದ ಸುತ್ತು ಹೊಡದ್ರ, ನಾಳೆ ನಲವತ್ತೂ ಹೊಡೀತಾವು. ಕಾರಣ ಹೇಳ್ರಿ, ಇಲ್ಲಾ ವಾಪಸ್ ಒಯ್ಯಿರಿ."

ಡಾ. ಶಾಹೀನ್ ತಮ್ಮ ಐದು ಬೈಕುಗಳನ್ನು ಒಂದೊಂದಾಗಿ ನೋಡಿದರು. ಆರು ವರ್ಷದ ದುಡಿಮೆ ಅವರ ಮುಖದ ಮೇಲೆ ಕುಸಿದು ಕುಳಿತಂತೆ ಕಂಡಿತು. ನೀಲವ್ವ ಹುಸೇನಸಾಬನ ಕಡೆ ನೋಡಿದಳು. ಈ ತಿಂಗಳು ಸೊಂಟಕ್ಕೆ ಮುಲಾಮು ಹಚ್ಚದೆ ಮಲಗಿದ್ದೇನೆ ಎಂದು ಅವನು ಮೊನ್ನೆಯಷ್ಟೇ ಹೇಳಿದ್ದ. ಅವನ ಹಿಂದೆ ಉಳಿದವರು ತಮ್ಮ ಸರದಿಗಾಗಿ ಕಾಯುತ್ತಿದ್ದರು. ತನ್ನ ನಾಚಿಕೆ ಒಂದು ಕಡೆ, ಇಷ್ಟು ಜನರ ಬೆನ್ನು ಒಂದು ಕಡೆ.

"ಸಾವ್ಕಾರ್ರ, ಗಾಡೀದು ತಪ್ಪಿಲ್ಲ," ಎಂದಳು. ದನಿ ಬೇಕೆಂದದ್ದಕ್ಕಿಂತ ಜೋರಾಗಿಯೇ ಬಂತು. "ಆ ಓಣ್ಯಾಗ ಹಾರ್ಮೋನಿಯಂ ಅಂಗಡಿ ಐತಿ."

ಡಾಕ್ಟರು ಸರಕ್ಕನೆ ನೋಟ್‌ಬುಕ್ಕು ತೆಗೆದರು. "ಸ್ವರ! ನಾನು ಸ್ವರ ಬರ್ಕೊಂಡೇ ಇಲ್ಲ ನೋಡ್ರಿ. ಯಾವ ಸ್ವರಕ್ಕ ದಣಿವು ಇಳೀತದ?"

"ಸ್ವರಕ್ಕಲ್ರೀ ಮೇಡಮ್ಮಾರ," ಎಂದು ನೀಲವ್ವ ನೆಲ ನೋಡಿದಳು. "ಸ್ವರ ಹಚ್ಚಾವ್ರಿಗೆ."

ಹುಸೇನಸಾಬ "ಶಾಬಾಶ್ ಅಕ್ಕಾ!" ಎಂದು ಕೂಗಿದ. ಶಿಳ್ಳೆ, ಚಪ್ಪಾಳೆ, ಹೆಲ್ಮೆಟ್ಟು ಬಡಿಯುವ ಸದ್ದು ಒಟ್ಟಿಗೇ ಎದ್ದವು. ಗುರುಸಿದ್ದಪ್ಪನವರು ಗಂಭೀರವಾಗಿರಲು ಹೆಣಗಿ, ಸೋತು, ಮೀಸೆಯೊಳಗೆ ನಕ್ಕರು.

ಡಾ. ಶಾಹೀನ್ ಮಾತ್ರ ನಗಲಿಲ್ಲ. ನೋಟ್‌ಬುಕ್ಕು ಮುಚ್ಚಿ, "ದಣಿವು ಸೊಂಟದಾಗ ಇರ್ತದ ಅಂತ ನಾನು ತಿಳ್ಕೊಂಡಿದ್ದೆ," ಎಂದರು. "ಎಲ್ಲಿರ್ತದ ಅಂತ ಯಂತ್ರಕ್ಕ ಹೇಳಿರಲಿಲ್ಲ. ಅದೇ ಹುಡುಕಿಬಿಡ್ತು."

ನಲವತ್ತು ಬೈಕುಗಳೂ ಬಂದವು. ಎರಡು ತಿಂಗಳಲ್ಲಿ ಯಾರೂ ನೆನೆಸದ ಸಂಗತಿಗಳು ಹೊರಬಿದ್ದವು. ಹುಸೇನಸಾಬನ ಹೊಸ ಬೈಕು, ಮದುವೆಯಾಗಿ ಹೋದ ಮಗಳ ಬೀದಿಗೆ ಹೊರಳತೊಡಗಿತು. ಇನ್ನೊಬ್ಬನದು ಹತ್ತು ವರ್ಷದಿಂದ ಮಾತು ಬಿಟ್ಟಿದ್ದ ಗೆಳೆಯನ ಅಂಗಡಿಯ ಮುಂದೆ ದಿನವೂ ಹಾದುಹೋಯಿತು; ಐದನೆಯ ದಿನ ಗೆಳೆಯನೇ ಅಡ್ಡ ಹಾಕಿ ಚಹಾ ಕುಡಿಸಿದ. ಗುರುಸಿದ್ದಪ್ಪನವರು ಕೊನೆಗೆ ಒಂದು ನಿಯಮ ಮಾಡಿದರು: ಹನ್ನೆರಡು ನಿಮಿಷದೊಳಗೆ ಬೈಕು ಎಲ್ಲಿಗೆ ಹೊರಳಿದರೂ ಸವಾರನನ್ನು ಯಾರೂ ಕಾರಣ ಕೇಳತಕ್ಕದ್ದಲ್ಲ. ಆ ವರ್ಷ ಒಬ್ಬ ಸವಾರನೂ ಕೆಲಸ ಬಿಡಲಿಲ್ಲ.

ನೀಲವ್ವ ಆ ಶನಿವಾರದ ಮರುದಿನವೇ ಘಂಟಿಕೇರಿಗೆ ನಡೆದುಕೊಂಡು ಹೋಗಿದ್ದಳು.

"ಆರಾಮ ಇದ್ದೀರೇನ್ರೀ?" ಎಂದ ಪರಶುರಾಮ ಮಾಸ್ತರರು ಅವಳ ಹಿಂದೆ ಇಣುಕಿದರು. "ಗಾಡಿ ಎಲ್ಲಿ?"

"ಬಿಟ್ಟು ಬಂದೆ. ಪೊಟ್ಟಣಾನೂ ಇಲ್ಲ."

"ಮತ್ತ?"

"ಮತ್ತೇನಿಲ್ರೀ. ಬಂದೆ."

ಮಾಸ್ತರರು ತೆರೆದಿಟ್ಟ ಹಾರ್ಮೋನಿಯಂ ಬದಿಗೆ ಸರಿಸಿ, ಸ್ಟೂಲನ್ನು ಧೋತರದ ಸೆರಗಿನಿಂದ ಒಮ್ಮೆ ಒರೆಸಿದರು. ಸಾಲದೆಂದು ಇನ್ನೊಮ್ಮೆ ಒರೆಸಿದರು. "ಕೂಡ್ರಿ," ಎಂದರು. "ಮೂರು ವರ್ಷ ಆತು, ನನ್ನ ಮಾತಿಗೆ ಗಾಡಿ ನಿಲ್ಲಿಸಿ ಯಾರೂ ಉತ್ತರ ಹೇಳಿಲ್ಲ."

ಮಾಘ ಮಾಸದಲ್ಲಿ ರಿಜಿಸ್ಟರ್ ಕಚೇರಿಯಲ್ಲಿ ಮದುವೆಯಾಯಿತು. ಐವತ್ತೆರಡರ ಮದುಮಗ ಅದುವರೆಗೆ ಬೈಕಿನ ಮೇಲೆ ಕುಳಿತವರೇ ಅಲ್ಲ, ಹೆದರಿಕೆ. ನೀಲವ್ವ ವಾರಗಟ್ಟಲೆ ಹುಡುಕಿ ಅವರಿಗಾಗಿ ತಗ್ಗಿನ, ಅಗಲ ಸೀಟಿನ ಗಾಡಿಯೊಂದನ್ನು ಆರಿಸಿದಳು. ಪೆಟ್ಟಿಗೆ ಬಿಚ್ಚಿ ಬೆನ್ನಿಗೆ ದಿಂಬು ಕೂರಿಸಿದಳು, ಹಿಡಿದುಕೊಳ್ಳಲು ಎರಡೂ ಬದಿಗೆ ಕಂಬಿ ಬೆಸುಗೆ ಹಾಕಿದಳು. ಡಾ. ಶಾಹೀನ್ ಎರಡು ಮೈಗಳನ್ನು ಒಟ್ಟಿಗೆ ಓದುವ ಅರಿವೆಳೆಯನ್ನು ತಾವೇ ಬಂದು ಹೆಣೆದುಕೊಟ್ಟರು.

ಸಂಜೆಯ ಬಿಸಿಲಿನಲ್ಲಿ ಇಬ್ಬರೂ ಉಣಕಲ್ ಕೆರೆಯ ಕಡೆ ಹೊರಟರು. ಮಾಸ್ತರರು ಕಂಬಿಗಳನ್ನು ಬಿಟ್ಟು ಅವಳ ಹೆಗಲನ್ನೇ ಹಿಡಿದಿದ್ದರು. ಮೊದಲ ಉಬ್ಬಿಗೆ "ಅಯ್ಯಪ್ಪಾ!" ಎಂದು ಕೂಗಿದರು. ಎರಡನೆಯದಕ್ಕೆ ಅದನ್ನೇ ಒಂದು ಸ್ವರ ಮೇಲೇರಿಸಿ ಕೂಗಿದರು. ಮೂರನೆಯದಕ್ಕೆ ಹೆದರಿಕೆ ಹೋಗಿತ್ತೋ ಏನೋ, ಅದು ಆಲಾಪವೇ ಆಯಿತು. ಬಸ್ಸಿನ ಕಿಟಕಿಗಳಿಂದ ಜನ ತಲೆ ಹೊರಗೆ ಹಾಕಿ ನೋಡಿದರು. ನೀಲವ್ವನಿಗೆ ನಗು ತಡೆಯದೆ ಕಣ್ಣೆಲ್ಲ ನೀರಾಗಿ, ದಾರಿ ಕಾಣದೆ, ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಬೇಕಾಯಿತು.

"ಯಾಕ ನಿಲ್ಲಿಸಿದ್ರಿ?" ಎಂದರು ಮಾಸ್ತರರು. "ಇನ್ನೂ ಜೋರ ಹೊಡೀರಿ!"